ಆರನೆಯ ತರಗತಿಗೆ ಗಣಿತದ ಆ್ಯಪ್ ಆರಿಸಬೇಕಾಗಿದೆ: ಏನನ್ನು ನೋಡಿ ತೀರ್ಮಾನಿಸಬೇಕು?

ಪ್ರಶ್ನೆ: ಗಣಿತ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದರಿಂದ ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಹತ್ತು ಟ್ಯಾಬ್‌ಗಳನ್ನು ಕೊಡಿಸಿದ್ದಾರೆ. ಅವುಗಳಲ್ಲಿ ಯಾವ ಗಣಿತದ ಆ್ಯಪ್ ಹಾಕಿಸಬೇಕೆಂಬುದನ್ನು ನಾನೇ ಪರಿಶೀಲಿಸಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕಾರಣಸಹಿತ ತಿಳಿಸಬೇಕೆಂದು ಮುಖ್ಯ ಶಿಕ್ಷಕರು ಸೂಚಿಸಿದ್ದಾರೆ. ಮೊದಲಿಗೆ ಆರನೆಯ ತರಗತಿಗೆ, ಆಮೇಲೆ ಉಳಿದ ತರಗತಿಗಳಿಗೆ ಎಂದು ಯೋಚನೆ.

ಸದ್ಯ ನನ್ನ ಮುಂದೆ ಇರುವವು ಅಕ್ಷರ ಫೌಂಡೇಶನ್ನಿನ ಬಿಲ್ಡಿಂಗ್ ಬ್ಲಾಕ್ಸ್, ಖಾನ್ ಅಕಾಡೆಮಿಯ ಕನ್ನಡ ಪಾಠಗಳು, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆದುಕೊಳ್ಳುವ ದೀಕ್ಷಾ ಮತ್ತು ಗಣಿತದ ಆಕೃತಿಗಳನ್ನು ಬರೆದು ಬದಲಾಯಿಸಿ ನೋಡುವ ಜಿಯೋಜೀಬ್ರಾ. ಇವಲ್ಲದೆ ಎರಡು ಖಾಸಗಿ ಕಂಪನಿಗಳ ಪ್ರತಿನಿಧಿಗಳು ಬಂದು ತಮ್ಮ ತಮ್ಮ ಆ್ಯಪ್‌ಗಳನ್ನು ತೋರಿಸಿ ಹೋಗಿದ್ದಾರೆ. ನೋಡುವುದಕ್ಕೆ ಅವು ಬಹಳ ಚೆನ್ನಾಗಿವೆ, ಮಕ್ಕಳಂತೂ ಬಿಡಲೊಲ್ಲರು. ಹಿಂದೆ ತರಬೇತಿಯೊಂದರಲ್ಲಿ ಕೊಟ್ಟಿದ್ದ ಪರಿಶೀಲನಾ ಪಟ್ಟಿ ನನ್ನ ಬಳಿ ಇದೆ. ಚಿತ್ರಗಳು ಆಕರ್ಷಕವೇ, ಧ್ವನಿ ಸ್ಪಷ್ಟವೇ, ಪಠ್ಯಕ್ರಮಕ್ಕೆ ಹೊಂದುತ್ತದೆಯೇ, ಬಳಸಲು ಸುಲಭವೇ ಎಂಬ ರೀತಿಯ ಪ್ರಶ್ನೆಗಳು ಅದರಲ್ಲಿವೆ. ಅದನ್ನು ಹಿಡಿದು ಅಂಕ ಹಾಕಿದರೆ ಎಲ್ಲ ಆ್ಯಪ್‌ಗಳಿಗೂ ಹೆಚ್ಚುಕಡಿಮೆ ಒಂದೇ ಅಂಕ ಬರುತ್ತಿದೆ. ಪ್ಲೇ ಸ್ಟೋರಿನ ನಕ್ಷತ್ರಗಳಿಂದಲೂ ಏನೂ ತಿಳಿಯುವುದಿಲ್ಲ, ಎಲ್ಲವೂ ನಾಲ್ಕರ ಮೇಲೆಯೇ ಇವೆ.

ಒಬ್ಬ ಗಣಿತ ಶಿಕ್ಷಕಿಯಾಗಿ ನಾನು ನಿಜವಾಗಿ ಏನನ್ನು ನೋಡಬೇಕು? ಮಕ್ಕಳು ಖುಷಿಯಿಂದ ಆಡುತ್ತಾರೆ ಎಂಬುದು ಸಾಕಾಗುವ ಕಾರಣವೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ನಿವೃತ್ತ ಉಪನ್ಯಾಸಕ, ಧಾರವಾಡ

ಮೇಡಂ, ಪಟ್ಟಿಯಲ್ಲಿ ಎಲ್ಲವಕ್ಕೂ ಒಂದೇ ಅಂಕ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಅಂಥ ಪಟ್ಟಿಗಳು ಆ್ಯಪ್‌ನಲ್ಲಿ ಏನೇನು ಇದೆ ಎಂದು ಕೇಳುತ್ತವೆ. ಮಗು ತಪ್ಪು ಮಾಡಿದಾಗ ಆ್ಯಪ್ ಏನು ಮಾಡುತ್ತದೆ ಎಂದು ಕೇಳುವುದು ಅಪರೂಪ. ಗಣಿತದ ಆ್ಯಪ್‌ನ ಯೋಗ್ಯತೆ ಹೊರಬೀಳುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಪ್ರತಿನಿಧಿಗಳು ತೋರಿಸುವಾಗ ಒತ್ತುವ ಉತ್ತರಗಳೆಲ್ಲವೂ ಸರಿಯಾಗಿಯೇ ಇರುತ್ತವೆ, ಪರದೆಯ ಮೇಲೆ ಹೂವು ಉದುರುತ್ತಲೇ ಇರುತ್ತದೆ. ನೀವು ಹಾಗೆ ಮಾಡಬೇಡಿ. ನಿಮ್ಮ ಮಕ್ಕಳ ನೋಟುಪುಸ್ತಕಗಳಿಂದ ಅವರು ನಿಜವಾಗಿ ಬರೆದ ತಪ್ಪು ಉತ್ತರಗಳನ್ನು ಎತ್ತಿಕೊಂಡು, ಅವನ್ನೇ ಆ್ಯಪ್‌ಗೆ ಕೊಟ್ಟು ನೋಡಿ.

ಒಂದು ಉದಾಹರಣೆ ಹೇಳುತ್ತೇನೆ. 403ರಲ್ಲಿ 178ನ್ನು ಕಳೆಯಬೇಕು, ಸರಿಯುತ್ತರ 225. ಕೆಲವು ಮಕ್ಕಳು 375 ಎಂದು ಬರೆಯುತ್ತಾರೆ. ಪ್ರತಿ ಸ್ಥಾನದಲ್ಲಿಯೂ ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆದಿರುತ್ತಾರೆ: ಎಂಟರಲ್ಲಿ ಮೂರು ಹೋದರೆ ಐದು, ಏಳರಲ್ಲಿ ಸೊನ್ನೆ ಹೋದರೆ ಏಳು, ನಾಲ್ಕರಲ್ಲಿ ಒಂದು ಹೋದರೆ ಮೂರು. ಬೇರೆ ಕೆಲವರು 235 ಎಂದು ಬರೆಯುತ್ತಾರೆ. ಇವರಿಗೆ ದಶಕಸಹಿತ ಕಳೆಯುವುದು ಬರುತ್ತದೆ. ಆದರೆ ದಶಕದ ಸ್ಥಾನದಲ್ಲಿ ಸೊನ್ನೆ ಇದ್ದಾಗ ನೂರರಿಂದ ತಂದ ಹತ್ತು ದಶಕಗಳಲ್ಲಿ ಒಂದನ್ನು ಬಿಡಿಗೆ ಕೊಟ್ಟಾಗಿದೆ ಎಂಬುದನ್ನು ಮರೆತು ಹತ್ತರಲ್ಲಿ ಏಳನ್ನು ಕಳೆದಿರುತ್ತಾರೆ. ಮೊದಲನೆಯ ಮಗುವಿಗೆ ಸ್ಥಾನಬೆಲೆಯನ್ನೇ ಕಡ್ಡಿಕಟ್ಟು ಹಿಡಿದು ಮತ್ತೆ ಕಲಿಸಬೇಕು, ಎರಡನೆಯದಕ್ಕೆ ಒಂದು ಹೆಜ್ಜೆ ತೋರಿಸಿದರೆ ಸಾಕು. ಎರಡಕ್ಕೂ ಆ್ಯಪ್ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಹೇಳಿದರೆ ಅದು ಎರಡು ಬೇರೆ ಬೇರೆ ಜ್ವರಗಳಿಗೆ ಒಂದೇ ಗುಳಿಗೆ ಕೊಟ್ಟಂತೆ. ಹೆಚ್ಚಿನವು ಅಷ್ಟೇ ಮಾಡುತ್ತವೆ. ಕೆಲವು ಸರಿಯುತ್ತರವನ್ನು ತೋರಿಸಿ ಮುಂದಕ್ಕೆ ಹೋಗುತ್ತವೆ, ಅದು ಇನ್ನೂ ಕಡಿಮೆ ಉಪಯೋಗದ್ದು. ಉತ್ತಮವಾದದ್ದು ಕೊಂಚ ಸುಲಭವಾದ ಲೆಕ್ಕಕ್ಕೆ ಹಿಂದಿರುಗುತ್ತದೆ, ಅಥವಾ ಹೆಜ್ಜೆ ಹೆಜ್ಜೆಯಾಗಿ ಬಿಡಿಸಲು ಹೇಳಿ ತಪ್ಪಿದ ಹೆಜ್ಜೆಯಲ್ಲಿ ನಿಲ್ಲಿಸುತ್ತದೆ.

ಎರಡನೆಯದಾಗಿ, ಪ್ರಶ್ನೆಗಳ ಆಯ್ಕೆಯನ್ನು ನೋಡಬೇಕು. ದಶಮಾಂಶದ ಪಾಠವನ್ನೇ ತೆಗೆದುಕೊಳ್ಳಿ. 0.45 ದೊಡ್ಡದೋ 0.6 ದೊಡ್ಡದೋ ಎಂದರೆ ಬಹಳಷ್ಟು ಮಕ್ಕಳು 45 ದೊಡ್ಡದಲ್ಲವೇ ಎಂಬ ಲೆಕ್ಕದಲ್ಲಿ 0.45 ಎನ್ನುತ್ತಾರೆ. ಇನ್ನು ಕೆಲವರು ನೂರನೆಯ ಭಾಗವೆಂದರೆ ಹತ್ತನೆಯ ಭಾಗಕ್ಕಿಂತ ಚಿಕ್ಕದು ಎಂಬುದನ್ನು ಅರೆಬರೆ ನೆನಪಿಟ್ಟುಕೊಂಡು, ಅಂಕಿಗಳು ಹೆಚ್ಚಿದ್ದರೆ ಬೆಲೆ ಕಡಿಮೆ ಎಂದು ನಂಬಿ, 0.37ಕ್ಕಿಂತ 0.2 ದೊಡ್ಡದು ಎನ್ನುತ್ತಾರೆ. ಆ್ಯಪ್‌ನ ಪ್ರಶ್ನೆಗಳಲ್ಲೆಲ್ಲ 0.45 ಮತ್ತು 0.62 ಎಂಬಂತೆ ಎರಡೂ ಕಡೆ ಸಮನಾದ ಅಂಕಿಗಳಿದ್ದರೆ ಈ ಎರಡೂ ಬಗೆಯ ಮಕ್ಕಳು ಪೂರ್ತಿ ಅಂಕ ಪಡೆದು, ನಕ್ಷತ್ರ ಗಳಿಸಿ, ಮುಂದಿನ ಹಂತಕ್ಕೆ ಹೋಗಿಬಿಡುತ್ತಾರೆ. ತಪ್ಪು ತಿಳಿವಳಿಕೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಬಹುಮಾನವೂ ಸಿಕ್ಕಿರುತ್ತದೆ. ಸಮಚಿಹ್ನೆಯದೂ ಇದೇ ಕಥೆ. ‘8 + 4 = □ + 5’ ಎಂಬ ಲೆಕ್ಕಕ್ಕೆ 12 ಅಥವಾ 17 ಎಂದು ಬರೆಯುವ ಮಗುವಿಗೆ ಆ ಚಿಹ್ನೆ ‘ಉತ್ತರ ಬರೆ’ ಎಂಬ ಆಜ್ಞೆಯಾಗಿ ಕಾಣುತ್ತಿದೆ, ಎರಡೂ ಕಡೆ ಸಮ ಎಂದು ಕಾಣುತ್ತಿಲ್ಲ. ಪ್ರಶ್ನೆಗಳೆಲ್ಲ ‘8 + 4 = □’ ರೂಪದಲ್ಲಿಯೇ ಇರುವ ಆ್ಯಪ್ ಆ ನಂಬಿಕೆಯನ್ನು ಗಟ್ಟಿಮಾಡುತ್ತದೆ; ಏಳನೆಯ ತರಗತಿಯಲ್ಲಿ ಸರಳ ಸಮೀಕರಣ ಬಂದಾಗ ಅದರ ಫಲವನ್ನು ನೀವೇ ಉಣ್ಣಬೇಕಾಗುತ್ತದೆ. ಭಿನ್ನರಾಶಿಯಲ್ಲಿ ಸುತ್ತಿನ ಚಿತ್ರ ಮಾತ್ರವೋ ಅಥವಾ ಸಂಖ್ಯಾರೇಖೆಯೂ ಉಂಟೋ, 5/4ರಂಥ ಒಂದಕ್ಕಿಂತ ದೊಡ್ಡ ಭಿನ್ನರಾಶಿ ಬರುತ್ತದೆಯೋ ನೋಡಿ. ತ್ರಿಭುಜಗಳೆಲ್ಲ ಪಾದವನ್ನು ಕೆಳಗೆ ಊರಿಕೊಂಡೇ ಕೂತಿವೆಯೋ, ಓರೆಯಾದವೂ ಇವೆಯೋ ಎಂಬುದೂ ಅಷ್ಟೇ ಮುಖ್ಯ.

ಮೂರನೆಯದು ಬಹಳ ಸುಲಭದ ಪರೀಕ್ಷೆ. ಪ್ರಶ್ನೆಯನ್ನು ಓದದೆಯೇ ಆಡಿ ನೋಡಿ. ನಾಲ್ಕು ಆಯ್ಕೆಗಳಿರುವ ಪ್ರಶ್ನೆಯಲ್ಲಿ ಸರಿಯುತ್ತರ ಸಿಗುವವರೆಗೆ ಒಂದಾದ ಮೇಲೊಂದು ಒತ್ತುತ್ತಾ ಹೋದರೆ ಸರಾಸರಿ ಎರಡೂವರೆ ಒತ್ತುಗಳಲ್ಲಿ ಉತ್ತರ ದೊರೆಯುತ್ತದೆ. ಹೀಗೆ ಒತ್ತಿಯೇ ಒಂದು ಹಂತವನ್ನು ದಾಟಲು ಸಾಧ್ಯವಾದರೆ ಅದನ್ನು ನಿಮಗಿಂತ ಮೊದಲು ಮಕ್ಕಳು ಕಂಡುಹಿಡಿಯುತ್ತಾರೆ. ಅಂಥ ಆ್ಯಪ್ ಶಿಕ್ಷಕರಿಗೆ ತೋರಿಸುವ ‘ಶೇಕಡಾ 90 ಪೂರ್ಣ’ ಎಂಬ ವರದಿಗೆ ಬೆಲೆಯಿಲ್ಲ. ಉತ್ತರವನ್ನು ಮಗುವೇ ಬರೆಯಬೇಕಾದ, ಅಥವಾ ಸಂಖ್ಯಾರೇಖೆಯ ಮೇಲೆ ಗುರುತಿಸಬೇಕಾದ ಪ್ರಶ್ನೆಗಳು ಎಷ್ಟಿವೆ ಎಂದು ನೋಡಿದರೆ ಇದು ಬೇಗ ತಿಳಿಯುತ್ತದೆ.

ಮಕ್ಕಳ ಖುಷಿಯ ಬಗ್ಗೆ ಕೇಳಿದ್ದೀರಿ. ಖುಷಿ ಬೇಡವೆಂದು ನಾನು ಹೇಳುವುದಿಲ್ಲ, ಗಣಿತವೆಂದರೆ ಓಡುವ ಮಗು ಕೂತಿತು ಎಂಬುದೂ ಸಣ್ಣ ಮಾತಲ್ಲ. ಆದರೆ ಖುಷಿಯಿಂದ ಕಲಿಕೆಯನ್ನು ಅಳೆಯಲಾಗದು. 2012ರಲ್ಲಿ ನಾರ್ವೆಯಿಂದ ಡ್ರ್ಯಾಗನ್‌ಬಾಕ್ಸ್ ಎಂಬ ಬೀಜಗಣಿತದ ಆಟ ಬಂದಿತು. ಚರಾಕ್ಷರಗಳ ಬದಲು ಚಿತ್ರಗಳಿಂದ ಆರಂಭಿಸಿ ಕ್ರಮೇಣ ಸಮೀಕರಣಕ್ಕೆ ತರುವ ಆ ಆಟ ಜಾಣತನದಿಂದ ಮಾಡಿದ್ದೇ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು, ಸಮೀಕರಣಗಳನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಸುವ ಲಿನೆಟ್ ಎಂಬ ಸಾದಾ ತಂತ್ರಾಂಶದ ಜೊತೆ ಹೋಲಿಸಿದರು. ಆಟವಾಡಿದ ಮಕ್ಕಳು ಹೆಚ್ಚು ಲೆಕ್ಕ ಬಿಡಿಸಿದರು, ಹೆಚ್ಚು ಖುಷಿಪಟ್ಟರು. ನಂತರದ ಪರೀಕ್ಷೆಯಲ್ಲಿ ಸಮೀಕರಣಗಳನ್ನು ಚೆನ್ನಾಗಿ ಬಿಡಿಸಿದವರು ಮಾತ್ರ ಸಾದಾ ತಂತ್ರಾಂಶ ಬಳಸಿದವರು. ಆದ್ದರಿಂದ ಆ್ಯಪ್‌ನಲ್ಲಿ ಬಿಡಿಸಿದ್ದನ್ನು ಮಗು ಮರುದಿನ ಸ್ಲೇಟಿನ ಮೇಲೋ ಹಾಳೆಯ ಮೇಲೋ ಬಿಡಿಸಬಲ್ಲದೇ ಎಂದು ನೋಡಿಯೇ ತೀರ್ಮಾನಿಸಿ. ಚುರುಕಾದ ಒಂದು ಮಗು, ಸಾಧಾರಣದ ಒಂದು ಮಗು, ಹಿಂದೆ ಉಳಿದ ಒಂದು ಮಗು, ಹೀಗೆ ಮೂವರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದು ಹೇಗೆ ಬಂತು, ಹೇಳು’ ಎಂದು ಕೇಳುತ್ತಾ ಹೋದರೆ ಯಾವ ಪಟ್ಟಿಯೂ ಕೊಡದ ತಿಳಿವಳಿಕೆ ನಿಮಗೆ ಸಿಗುತ್ತದೆ.

ಉತ್ತರ 2: ಪ್ರೌಢಶಾಲಾ ಗಣಿತ ಶಿಕ್ಷಕ, ತುಮಕೂರು

ಗುರುಗಳು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಅವರ ಪರೀಕ್ಷೆಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಆ್ಯಪ್‌ಗಳಿಗೆ ಮಾತ್ರ ಹೊಂದುತ್ತವೆ. ಮೇಡಂ ಅವರ ಪಟ್ಟಿಯಲ್ಲಿರುವ ಜಿಯೋಜೀಬ್ರಾ ಯಾವ ಪ್ರಶ್ನೆಯನ್ನೂ ತಾನಾಗಿ ಕೇಳುವುದಿಲ್ಲ, ಯಾವುದನ್ನೂ ತಪ್ಪು ಎನ್ನುವುದಿಲ್ಲ. ಅದನ್ನು ಅದೇ ಅಳತೆಯಲ್ಲಿ ಅಳೆದರೆ ಸೊನ್ನೆ ಬರುತ್ತದೆ. ಆಸ್ಟ್ರೇಲಿಯಾದ ಸಂಶೋಧಕಿಯರಾದ ಕ್ರಿಸ್ಟಿ ಗುಡ್ವಿನ್ ಮತ್ತು ಕೇಟ್ ಹೈಫೀಲ್ಡ್ ಇಂಥ ಆ್ಯಪ್‌ಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಹೇಳಿಕೊಟ್ಟು ಅಭ್ಯಾಸ ಮಾಡಿಸುವವು, ಕೊಟ್ಟ ಚೌಕಟ್ಟಿನೊಳಗೆ ಮಗು ಬದಲಾಯಿಸಿ ನೋಡಬಹುದಾದವು, ಮಗುವೇ ಹೊಸದನ್ನು ಕಟ್ಟಬಹುದಾದವು. ಮಾರುಕಟ್ಟೆಯಲ್ಲಿ ತುಂಬಿರುವವು ಮೊದಲನೆಯ ಬಗೆಯವು. ಆದ್ದರಿಂದ ಆ್ಯಪ್ ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ ಮೊದಲು ಅದರಿಂದ ಯಾವ ಕೆಲಸ ಮಾಡಿಸಬೇಕು ಎಂದು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಆರನೆಯ ತರಗತಿಗೆ ತಕ್ಕ ಒಂದು ಚಟುವಟಿಕೆ ಹೇಳುತ್ತೇನೆ. ಸುತ್ತಳತೆ 24 ಇರುವಂತೆ ಒಂದು ಆಯತವನ್ನು ಜಿಯೋಜೀಬ್ರಾದಲ್ಲಿ ಮಾಡಿ, ಉದ್ದಕ್ಕೆ ಸ್ಲೈಡರ್ (ಎಳೆದು ಬೆಲೆ ಬದಲಾಯಿಸುವ ಗುಂಡಿ) ಕೊಡಿ. ಅಗಲ ತಾನಾಗಿ ‘12 − ಉದ್ದ’ ಆಗುತ್ತದೆ. ಉದ್ದ 11 ಇದ್ದಾಗ ವಿಸ್ತೀರ್ಣ 11, ಉದ್ದ 8 ಇದ್ದಾಗ 32, ಉದ್ದ 6 ಆದಾಗ 36. ಸುತ್ತಳತೆ ಒಂದೇ ಇದ್ದರೆ ವಿಸ್ತೀರ್ಣವೂ ಒಂದೇ ಎಂದು ನಂಬಿಕೊಂಡ ಮಗುವಿಗೆ ಸ್ಲೈಡರ್ ಎಳೆಯುತ್ತಿರುವಾಗಲೇ ಆ ನಂಬಿಕೆ ಅಲುಗಾಡುತ್ತದೆ. ಇಲ್ಲಿ ತಪ್ಪನ್ನು ತೋರಿಸಿಕೊಡುವುದು ಆ್ಯಪ್‌ನ ಸಂದೇಶವಲ್ಲ, ಚಿತ್ರವೇ. ಆದರೆ ಶಿಕ್ಷಕರು ‘ಎಳೆಯುವ ಮೊದಲು ಏನಾಗಬಹುದೆಂದು ಬರೆಯಿರಿ’ ಎಂದು ಹೇಳದಿದ್ದರೆ ಮಕ್ಕಳು ಸುಮ್ಮನೆ ಎಳೆದಾಡುತ್ತಾ ಕೂರುತ್ತಾರೆ ಎಂಬುದನ್ನೂ ಸೇರಿಸಬೇಕು. ಅಂದರೆ ಇಂಥ ಸಾಧನವನ್ನು ಅಳೆಯುವಾಗ ನನ್ನ ತಯಾರಿಗೆ ಎಷ್ಟು ಸಮಯ ಬೇಕು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕನ್ನಡದಲ್ಲಿ ಸಿದ್ಧ ಚಟುವಟಿಕೆಗಳು ಬೇಕಿದ್ದರೆ ಡಿಎಸ್ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ನೋಡಬಹುದು.

ಗಣಿತದ ನಿಖರತೆಯನ್ನೂ ಪರೀಕ್ಷಿಸಿ. ಒಳ್ಳೆಯ ಸಾಧನಗಳಲ್ಲಿಯೂ ಎಡವುವ ಜಾಗಗಳಿವೆ. ತ್ರಿಭುಜದ ಕೋನಗಳು 57.34°, 61.28°, 61.39° ಎಂದು ಪರದೆಯ ಮೇಲೆ ತೋರಿದರೆ ಕೂಡಿದಾಗ 180.01° ಬರುತ್ತದೆ. ಪ್ರತಿ ಕೋನವನ್ನೂ ಎರಡು ದಶಮಾಂಶ ಸ್ಥಾನಕ್ಕೆ ಬೇರೆ ಬೇರೆಯಾಗಿ ಸರಿಹೊಂದಿಸಿ ತೋರಿಸುವುದೇ ಇದಕ್ಕೆ ಕಾರಣ. ನನಗೆ ಇದು ಕೊರತೆಯಾಗಿ ಕಾಣುವುದಿಲ್ಲ. ಅಳತೆ ಮಾಡಿ ನೋಡುವುದಕ್ಕೂ ಸಾಧಿಸಿ ತೋರಿಸುವುದಕ್ಕೂ ಇರುವ ಅಂತರವನ್ನು ಎಂಟನೆಯ ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಆದರೆ ಶಿಕ್ಷಕರಿಗೆ ಅದು ಮೊದಲೇ ಗೊತ್ತಿರಬೇಕು. ಹೊರದೇಶದ ಆ್ಯಪ್‌ಗಳಲ್ಲಿ ದೊಡ್ಡ ಸಂಖ್ಯೆಗಳಿಗೆ 1,234,567 ಎಂದು ಅಲ್ಪವಿರಾಮ ಹಾಕಿರುತ್ತಾರೆ, ನಮ್ಮ ಪುಸ್ತಕದಲ್ಲಿ 12,34,567. ಲಕ್ಷದ ಸ್ಥಾನಬೆಲೆ ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ಗೊಂದಲವೇನಲ್ಲ.

ಉತ್ತರ 3: ಶಿಕ್ಷಣ ಸಂಶೋಧಕಿ, ಬೆಂಗಳೂರು

ಇಬ್ಬರೂ ಆ್ಯಪ್‌ನ ಒಳಗನ್ನು ಚೆನ್ನಾಗಿ ವಿವರಿಸಿದ್ದಾರೆ. ಹೊರಗಿನ ಒಂದು ಸಂಗತಿಯನ್ನು ನಾನು ಸೇರಿಸುತ್ತೇನೆ: ಆ್ಯಪ್ ಬಳಸುವ ಆ ಹೊತ್ತಿನಲ್ಲಿ ಇಲ್ಲದಿದ್ದರೆ ಮಕ್ಕಳು ಏನು ಮಾಡುತ್ತಿದ್ದರು? ಗುಜರಾತಿನ ಜ್ಞಾನ ಶಾಲಾ ಎಂಬ ಶಾಲೆಗಳಲ್ಲಿ ಎರಡು ಮತ್ತು ಮೂರನೆಯ ತರಗತಿಯ ಗಣಿತಕ್ಕೆ ಒಂದು ಕಂಪ್ಯೂಟರ್ ಕಾರ್ಯಕ್ರಮವನ್ನು ಎರಡು ರೀತಿಯಲ್ಲಿ ಬಳಸಿ, ಅರ್ಥಶಾಸ್ತ್ರಜ್ಞ ಲೀ ಲಿಂಡನ್ ಅಧ್ಯಯನ ಮಾಡಿದ್ದರು. ಅವರ ವರದಿ 2008ರಲ್ಲಿ ಬಂದಿತು. ತರಗತಿಯ ಪಾಠದ ಬದಲಿಗೆ ಬಳಸಿದಲ್ಲಿ ಮಕ್ಕಳ ಕಲಿಕೆ 0.57 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಇಳಿಯಿತು, ಶಾಲಾ ಸಮಯದ ಹೊರಗೆ ಹೆಚ್ಚುವರಿಯಾಗಿ ಬಳಸಿದಲ್ಲಿ 0.28ರಷ್ಟು ಏರಿತು. ತಂತ್ರಾಂಶ ಒಂದೇ. ಆ ಶಾಲೆಗಳಲ್ಲಿ ಪಾಠ ಆಗಲೇ ಚೆನ್ನಾಗಿ ನಡೆಯುತ್ತಿತ್ತು, ಅದನ್ನು ಕಸಿದುಕೊಂಡು ಕಂಪ್ಯೂಟರ್ ಕೊಟ್ಟದ್ದೇ ನಷ್ಟಕ್ಕೆ ಕಾರಣವಾಯಿತು. ನೀವು ಭಿನ್ನರಾಶಿಯನ್ನು ಕಾಗದದ ಪಟ್ಟಿ ಮಡಚಿಸಿ ಕಲಿಸುವ ಅವಧಿಯನ್ನು ತೆಗೆದು ಅಲ್ಲಿ ಟ್ಯಾಬ್ ಹಚ್ಚುವ ಮೊದಲು ಇದನ್ನು ಯೋಚಿಸಬೇಕು.

ಕಂಪನಿಗಳು ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂದು ಹೇಳುವುದನ್ನು ಹೇಗೆ ಓದಬೇಕೆಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಭಾರತದಲ್ಲಿ ಹೆಚ್ಚು ಚರ್ಚೆಯಾದ ಅಧ್ಯಯನವೆಂದರೆ ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶದ ಮೇಲೆ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೋ ಗಾನಿಮಿಯನ್ ನಡೆಸಿ, 2019ರಲ್ಲಿ ಪ್ರಕಟಿಸಿದ್ದು. ಆ ತಂತ್ರಾಂಶ ಬಳಸುವ ಕಲಿಕಾ ಕೇಂದ್ರಕ್ಕೆ ಸೇರಲು ಯಾರಿಗೆ ಉಚಿತ ಅವಕಾಶವೆಂದು ಚೀಟಿ ಎತ್ತಿ ನಿರ್ಧರಿಸಿದ್ದರಿಂದ ಹೋಲಿಕೆ ನ್ಯಾಯವಾದದ್ದು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37 ಮಾನಕ ವಿಚಲನೆಯಷ್ಟು ಸುಧಾರಣೆ ಕಂಡುಬಂದಿತು. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ಇದ್ದ ಮಗು ಕೆಳಗಿನಿಂದ ಸುಮಾರು 64ನೆಯ ಸ್ಥಾನಕ್ಕೆ ಬಂದಂತೆ. ದೊಡ್ಡ ಫಲಿತಾಂಶವೇ. ಆದರೆ ಮಕ್ಕಳು ಅಲ್ಲಿ ಶಾಲೆ ಮುಗಿದ ಮೇಲೆ ದಿನಕ್ಕೆ ತೊಂಬತ್ತು ನಿಮಿಷ, ವಾರಕ್ಕೆ ಆರು ದಿನ ಕುಳಿತಿದ್ದರು. ಅದರಲ್ಲಿ ಅರ್ಧ ಹೊತ್ತು ತಂತ್ರಾಂಶ, ಇನ್ನರ್ಧ ಹೊತ್ತು ಸಣ್ಣ ಗುಂಪಿನ ಪಾಠ. ತಂತ್ರಾಂಶ ಪ್ರತಿ ಮಗುವನ್ನೂ ಅದು ನಿಜವಾಗಿ ಇರುವ ಮಟ್ಟದಿಂದ ಆರಂಭಿಸುತ್ತಿತ್ತು. ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಹಾಗಾಗಿಯೇ ಶಾಲೆಯ ಗಣಿತ ಪರೀಕ್ಷೆಯಲ್ಲಿ ಈ ಸುಧಾರಣೆ ಸ್ಪಷ್ಟವಾಗಿ ಕಾಣಿಸಲಿಲ್ಲ, ಏಕೆಂದರೆ ಅಲ್ಲಿ ಕೇಳಿದ್ದು ತರಗತಿಯ ಮಟ್ಟದ ಪ್ರಶ್ನೆಗಳನ್ನು. ನಿಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ಅವಧಿ, ಒಂದು ಟ್ಯಾಬ್‌ಗೆ ಇಬ್ಬರು ಎಂಬ ಸ್ಥಿತಿಯಲ್ಲಿ ಅದೇ ಫಲವನ್ನು ಯಾರಾದರೂ ಭರವಸೆ ನೀಡಿದರೆ ಒಪ್ಪಬೇಡಿ. ಕಡಿಮೆ ಹೊತ್ತಿನಿಂದ ಏನೂ ಆಗದೆಂದು ಇದರರ್ಥವಲ್ಲ: ವಡೋದರಾದಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಕಂಪ್ಯೂಟರಿನಂತೆ ಗಣಿತದ ಆಟಗಳನ್ನು ಆಡಿದಾಗ ಎರಡನೆಯ ವರ್ಷ 0.47ರಷ್ಟು ಸುಧಾರಣೆ ಆಗಿತ್ತು. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಅದರಲ್ಲಿ ಬಹುಪಾಲು ಕರಗಿಹೋಗಿತ್ತು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ.

ಆ್ಯಪ್ ಮಗುವಿನ ಮಟ್ಟವನ್ನು ಮೊದಲು ಪತ್ತೆಹಚ್ಚುತ್ತದೆಯೇ, ಆರನೆಯ ತರಗತಿ ಎಂದು ಆರಿಸಿದ ಕೂಡಲೇ ಎಲ್ಲರಿಗೂ ಒಂದೇ ಪಾಠ ತೆರೆಯುತ್ತದೆಯೇ ಎಂಬುದು ನಿಮ್ಮ ಪರಿಶೀಲನೆಯಲ್ಲಿ ಬರಲೇಬೇಕು. ಪಠ್ಯಕ್ರಮಕ್ಕೆ ಹೊಂದುತ್ತದೆ ಎಂಬ ಗುಣವನ್ನು ನಾವು ಅತಿಯಾಗಿ ಮೆಚ್ಚುತ್ತೇವೆ. ಹಿಂದುಳಿದ ಮಗುವಿಗೆ ಅದೇ ತೊಡಕಾಗಬಹುದು.

ಉತ್ತರ 4: ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಪೋಷಕ, ಮೈಸೂರು

ಗಣಿತದ ಬಗ್ಗೆ ನಾನು ಹೇಳಲಾರೆ. ಟ್ಯಾಬನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆ್ಯಪ್ ತೆರೆಯಿರಿ. ಪಾಠದ ನಡುವೆ ನಿಂತುಹೋದರೆ ನೆಟ್‌ವರ್ಕ್ ಕೈಕೊಟ್ಟ ದಿನ ನಿಮ್ಮ ಅವಧಿಯೂ ನಿಲ್ಲುತ್ತದೆ. ಒಂದೇ ಟ್ಯಾಬ್‌ನಲ್ಲಿ ಹಲವು ಮಕ್ಕಳ ಹೆಸರನ್ನು ಪ್ರತ್ಯೇಕವಾಗಿ ಇಡಲು ಆಗುತ್ತದೆಯೇ ಎಂದು ನೋಡಿ, ಇಲ್ಲದಿದ್ದರೆ ಒಬ್ಬರ ಲೆಕ್ಕ ಇನ್ನೊಬ್ಬರ ಖಾತೆಗೆ ಸೇರುತ್ತದೆ. ಗಣಿತ ಕಲಿಸುವ ಆ್ಯಪ್ ಸ್ಥಳದ ಮಾಹಿತಿ ಅಥವಾ ಸಂಪರ್ಕಗಳ ಪಟ್ಟಿಯನ್ನು ಕೇಳಿದರೆ ಅನುಮತಿ ಕೊಡಬೇಡಿ. ಕೊಡದೆ ನಡೆಯುವುದಿಲ್ಲವೆಂದರೆ ಆ ಆ್ಯಪ್ಪೇ ಬೇಡ. ಪ್ಲೇ ಸ್ಟೋರಿನಲ್ಲಿ ಕಾಣುವ ಡೇಟಾ ಸುರಕ್ಷತೆಯ ವಿವರವನ್ನು ತಯಾರಕರೇ ಬರೆದುಕೊಟ್ಟಿರುತ್ತಾರೆ ಎಂಬುದು ನೆನಪಿರಲಿ. 2020ರಿಂದ ಅಲ್ಲಿ ಕೆಲವು ಆ್ಯಪ್‌ಗಳಿಗೆ ಶಿಕ್ಷಕರು ಒಪ್ಪಿದ್ದು ಎಂಬ ಗುರುತು ಇದೆ. ನಮ್ಮ ಪಠ್ಯವನ್ನೋ ನಮ್ಮ ಶಾಲೆಗಳನ್ನೋ ಮುಂದಿಟ್ಟುಕೊಂಡು ಕೊಟ್ಟ ಗುರುತಲ್ಲ ಅದು.

ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದ ಎಲ್ಲರೂ ಮಕ್ಕಳೇ. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಕೂಡದೆಂದು ಅದರ ಒಂಬತ್ತನೆಯ ಕಲಮು ಹೇಳುತ್ತದೆ. ಸಾಧ್ಯವಾದಷ್ಟೂ ಮಕ್ಕಳ ಪೂರ್ಣ ಹೆಸರು, ಫೋಟೋ, ಪೋಷಕರ ಮೊಬೈಲ್ ಸಂಖ್ಯೆ ಕೊಡದೆ ಹಾಜರಿ ಸಂಖ್ಯೆಯಿಂದಲೇ ನಡೆಸಿ.

ತಯಾರಕರು ಮುಂದೆ ಇರುತ್ತಾರೋ ಇಲ್ಲವೋ ಎಂಬುದನ್ನೂ ಯೋಚಿಸಬೇಕು. ಆಸ್ಟ್ರಿಯಾದಲ್ಲಿ ಹುಟ್ಟಿದ ಜಿಯೋಜೀಬ್ರಾವನ್ನು 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೈಜೂಸ್ ಕೊಂಡುಕೊಂಡಿತು. 2024ರ ಜುಲೈನಲ್ಲಿ ಬೈಜೂಸ್‌ನ ಮಾತೃ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಿಸಿಕೊಳ್ಳುವವರ ಮುಂದೆ ಈ ಉದಾಹರಣೆ ಇಟ್ಟು, ವರ್ಷ ವರ್ಷಕ್ಕೆ ಕಟ್ಟುತ್ತೇವೆ ಎನ್ನಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಖಾಸಗಿ ಆ್ಯಪ್‌ಗಳಲ್ಲಿ ಒಂದಕ್ಕೆ 375 ಮತ್ತು 235 ಎರಡನ್ನೂ ಕೊಟ್ಟು ನೋಡಿದೆ. ಎರಡಕ್ಕೂ ಒಂದೇ ಅಳುವ ಮುಖ ಬಂದಿತು. ಇನ್ನೊಂದರಲ್ಲಿ ಓದದೆಯೇ ಒತ್ತಿ ಚಿನ್ನದ ಪದಕ ಪಡೆದೆ. ಅವೆರಡನ್ನೂ ಕೈಬಿಟ್ಟಿದ್ದೇನೆ.

ಉಳಿದ ಉಚಿತ ಆ್ಯಪ್‌ಗಳಲ್ಲಿ ಒಂದನ್ನು ಅಭ್ಯಾಸಕ್ಕೆ ಇಟ್ಟುಕೊಂಡು, ಕ್ಷೇತ್ರಗಣಿತಕ್ಕೆ ಮಾತ್ರ ಜಿಯೋಜೀಬ್ರಾ ಬಳಸೋಣ ಎನ್ನಿಸುತ್ತಿದೆ. ಆದರೆ ಅಭ್ಯಾಸದ ಆ್ಯಪ್ ನಿಜವಾಗಿ ಉಪಯೋಗವಾಗುತ್ತಿದೆಯೇ ಎಂದು ನಮ್ಮ ಶಾಲೆಯಲ್ಲಿಯೇ ಪರೀಕ್ಷಿಸಿ ನೋಡುವ ಬಗೆ ಹೇಗೆ? ಆರನೆಯ ತರಗತಿಯಲ್ಲಿ 34 ಮಕ್ಕಳಿದ್ದಾರೆ. ಅರ್ಧದಷ್ಟು ಮಕ್ಕಳಿಗೆ ಕೊಟ್ಟು ಇನ್ನರ್ಧಕ್ಕೆ ಕೊಡದಿದ್ದರೆ ಪೋಷಕರು ಸುಮ್ಮನಿರುವುದಿಲ್ಲ.

ಉತ್ತರ 5: ನಿವೃತ್ತ ಡಯಟ್ ಉಪನ್ಯಾಸಕ, ಧಾರವಾಡ

ಎಲ್ಲರಿಗೂ ಕೊಡಿ ಮೇಡಂ, ಸರದಿಯ ಮೇಲೆ ಕೊಡಿ. ಹಿಂದಿನ ಪರೀಕ್ಷೆಯ ಅಂಕಗಳ ಪ್ರಕಾರ ಮಕ್ಕಳನ್ನು ಸಾಲಾಗಿ ಬರೆದುಕೊಂಡು ಇಬ್ಬಿಬ್ಬರನ್ನು ಜೋಡಿ ಮಾಡಿ. ಪ್ರತಿ ಜೋಡಿಯಲ್ಲಿ ಯಾರು ಯಾವ ಗುಂಪಿಗೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಒಂದೊಂದು ಗುಂಪಿನಲ್ಲಿ 17 ಮಕ್ಕಳಾಗುತ್ತಾರೆ. ಟ್ಯಾಬ್ ಒಂದಕ್ಕೆ ಇಬ್ಬರಂತೆ ಕೂತರೆ ಒಂಬತ್ತು ಸಾಕು, ಹತ್ತನೆಯದು ಚಾರ್ಜ್ ಮುಗಿದಾಗ ಬದಲಿಗೆ ಇರುತ್ತದೆ. ದಶಮಾಂಶದ ಪಾಠದಲ್ಲಿ ಒಂದು ಗುಂಪು ಅಭ್ಯಾಸಕ್ಕೆ ಆ್ಯಪ್ ಬಳಸಲಿ, ಇನ್ನೊಂದು ಗುಂಪು ಅಷ್ಟೇ ಹೊತ್ತು ಗಣಿತ ಕಿಟ್ ಮತ್ತು ಅಭ್ಯಾಸದ ಹಾಳೆಯಲ್ಲಿ ಕೆಲಸ ಮಾಡಲಿ. ಪಾಠ ಮಾತ್ರ ಎರಡೂ ಗುಂಪುಗಳಿಗೆ ನಿಮ್ಮದೇ. ಮೇಲೆ ಹೇಳಿದ ಗುಜರಾತಿನ ಅಪಾಯ ಇದರಿಂದ ತಪ್ಪುತ್ತದೆ. ಮುಂದಿನ ಪಾಠ ಪೂರ್ಣಾಂಕಗಳು ಎಂದಿಟ್ಟುಕೊಳ್ಳಿ, ಆಗ ಗುಂಪುಗಳನ್ನು ಅದಲುಬದಲು ಮಾಡಿ.

ಪಾಠಕ್ಕೆ ಮೊದಲು ಮತ್ತು ನಂತರ ಎಂಟೋ ಹತ್ತೋ ಪ್ರಶ್ನೆಗಳ ಸಣ್ಣ ಪರೀಕ್ಷೆ ಸಾಕು, ಅದು ಕಾಗದದ ಮೇಲೆಯೇ ಇರಲಿ. ದಶಮಾಂಶಕ್ಕಾದರೆ 0.45 ಮತ್ತು 0.6, 0.37 ಮತ್ತು 0.2, 4.08 ಮತ್ತು 4.8 ಇವುಗಳಲ್ಲಿ ದೊಡ್ಡದನ್ನು ಆರಿಸುವುದು, 0.5 ಮತ್ತು 0.50 ಸಮವೇ ಎಂದು ಹೇಳಿ ಕಾರಣ ಬರೆಯುವುದು, 1.3 ಮತ್ತು 1.25ನ್ನು ಸಂಖ್ಯಾರೇಖೆಯಲ್ಲಿ ಗುರುತಿಸುವುದು ಇಂಥವು. ನಂತರದ ಪರೀಕ್ಷೆಯಲ್ಲಿ ಅಂಕಿಗಳನ್ನು ಬದಲಾಯಿಸಿ, ಸ್ವರೂಪವನ್ನು ಬದಲಾಯಿಸಬೇಡಿ. ಒಟ್ಟು ಅಂಕವನ್ನು ಮಾತ್ರ ಕೂಡಿ ಬಿಡದೆ ಯಾವ ಬಗೆಯ ತಪ್ಪು ಎಷ್ಟು ಮಕ್ಕಳಲ್ಲಿ ಉಳಿಯಿತು ಎಂದು ಬರೆದಿಡಿ. ಇಷ್ಟು ಕಡಿಮೆ ಮಕ್ಕಳಲ್ಲಿ ಒಂದೆರಡು ಅಂಕಗಳ ವ್ಯತ್ಯಾಸಕ್ಕೆ ಅರ್ಥವಿಲ್ಲ. ಎರಡೂ ಪಾಠಗಳಲ್ಲಿ ಆ್ಯಪ್ ಬಳಸಿದ ಗುಂಪೇ ಎದ್ದು ಕಾಣುವಷ್ಟು ಮುಂದಿದ್ದರೆ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು. ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಕೊಡಲು ಸಾಧ್ಯವಾದರೆ ಉತ್ತಮ, ವಡೋದರಾದಂತೆ ಕರಗಿತೋ ಉಳಿಯಿತೋ ಎಂಬುದು ಆಗ ಗೊತ್ತಾಗುತ್ತದೆ.

ಇಬ್ಬರು ಕೂತಾಗ ಒಬ್ಬರೇ ಒತ್ತುತ್ತಾ ಇನ್ನೊಬ್ಬರು ನೋಡುತ್ತಾ ಕೂರುವುದು ಸಾಮಾನ್ಯ. ಒತ್ತುವ ಮಗು ಒಂದು, ಏನು ಒತ್ತಬೇಕೆಂದು ಕಾರಣ ಹೇಳುವ ಮಗು ಇನ್ನೊಂದು, ಐದು ಲೆಕ್ಕಗಳಿಗೊಮ್ಮೆ ಅದಲುಬದಲು ಎಂದು ಮೊದಲ ದಿನವೇ ರೂಢಿ ಮಾಡಿಸಿ. ಎಸ್‌ಡಿಎಂಸಿಗೆ ಕೊಡುವ ಟಿಪ್ಪಣಿ ಅರ್ಧ ಪುಟ ಮೀರಬೇಕಾಗಿಲ್ಲ. ಬಿಟ್ಟ ಆ್ಯಪ್‌ಗಳು 403 − 178ಕ್ಕೆ ಕೊಟ್ಟ ಪ್ರತಿಕ್ರಿಯೆಯ ಚಿತ್ರವನ್ನು ಪರದೆಯಿಂದಲೇ ತೆಗೆದು ಅದಕ್ಕೆ ಅಂಟಿಸಿದರೆ ಗಣಿತ ಓದದ ಸದಸ್ಯರಿಗೂ ವಿಷಯ ತಿಳಿಯುತ್ತದೆ. ಪರೀಕ್ಷೆಯ ಹಾಳೆಗಳನ್ನು ಬಿಸಾಡಬೇಡಿ. ಸಮಾಲೋಚನಾ ಸಭೆಗೆ ತಂದರೆ ನಿಮ್ಮ ಕ್ಲಸ್ಟರಿನ ಬೇರೆ ಶಾಲೆಯವರೂ ಅದೇ ಪ್ರಶ್ನೆಗಳನ್ನು ಬಳಸಬಹುದು, ಆಗ 34 ಮಕ್ಕಳ ಬದಲು ನೂರೋ ಇನ್ನೂರೋ ಮಕ್ಕಳ ಲೆಕ್ಕ ಸಿಗುತ್ತದೆ.